ಬಿಚ್ಚಿ ಕಟ್ಟಬಲ್ಲ ಮನೆಗಳು

ಕುಕನೂರಿನ ಕಮಲ ಮಹಲ್ ನೋಡಬೇಕೆಂದರೆ ಈಗ ಕೊಪ್ಪಳದ ಕಡೆ ಅಲ್ಲ, ಮಣಿಪಾಲಕ್ಕೆ ಹೋಗಬೇಕು. ಮುಧೋಳ ಅರಮನೆಯ ದರ್ಬಾರ್ ಹಾಲ್ ಕೂಡ ಅಲ್ಲೇ ಇದೆ. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ವಿಜಯನಾಥ ಶೆಣೈ ಅವರು ಅಳಿದುಹೋಗಲಿದ್ದ ಹಳೇ ಮನೆಗಳನ್ನು ಕಂಬ, ತೊಲೆ, ಬಾಗಿಲು ಸಮೇತ ತಂದು ಮತ್ತೆ ನಿಲ್ಲಿಸಿದ 'ಹಸ್ತಶಿಲ್ಪ' ಪಾರಂಪರಿಕ ಗ್ರಾಮ ಅದು. ಇಡೀ ಮನೆಯನ್ನೇ ಸಾಗಿಸುವುದು ಹುಚ್ಚು ಅನ್ನಿಸಬಹುದು. ಆದರೆ ಆ ಮನೆಗಳ ಮರಗೆಲಸ ಬಿಚ್ಚಲು ಬರುವಂಥದ್ದು. ನಮ್ಮ ಆರ್‌ಸಿಸಿ ಮನೆಯನ್ನು ಒಡೆಯಬಹುದು ಅಷ್ಟೇ.

ಗುಟ್ಟು ಇರುವುದು ಕೂಡಿಕೆಯಲ್ಲಿ. ಕಂಬದ ತುದಿಯಲ್ಲಿ ಕೆತ್ತಿ ಉಳಿಸಿದ ಒಂದು ಗೂಟ, ತೊಲೆಯಲ್ಲಿ ಅದು ಬಿಗಿಯಾಗಿ ಕೂರುವಷ್ಟೇ ತೂತು, ಅಡ್ಡಕ್ಕೊಂದು ಮರದ ಬೆಣೆ. ಬೆಣೆ ಹೊಡೆದು ತೆಗೆದರೆ ಕೂಡಿಕೆ ಬಿಡುತ್ತದೆ. ಮೊಳೆ ಯಾಕೆ ಬೇಡ? ಮರ ಸತ್ತ ಮೇಲೂ ಸುಮ್ನೆ ಇರುವುದಿಲ್ಲ. ಗಾಳಿಯ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಸಿ ಮರ ಪೂರ್ತಿ ಒಣಗುವಾಗ ಉದ್ದಕ್ಕೆ ಕುಗ್ಗುವುದು ಶೇ. 0.1ರ ಆಸುಪಾಸು. ಅಡ್ಡಕ್ಕೆ ಮಾತ್ರ, ಮರದ ಜಾತಿ ನೋಡಿಕೊಂಡು, ಶೇ. 2ರಿಂದ 10. ಬೆಣೆ ಈ ಅಲುಗಾಟವನ್ನು ಸಹಿಸುತ್ತದೆ, ಏಕೆಂದರೆ ಅದೂ ಮರವೇ. ಕಬ್ಬಿಣ ಸಹಿಸುವುದಿಲ್ಲ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಉಡುಪಿ ಸೀಮೆಯಲ್ಲಿ ಅದು ತುಕ್ಕು ಹಿಡಿದು ಊದುತ್ತದೆ, ಸುತ್ತಲಿನ ಮರವನ್ನು ಸೀಳುತ್ತದೆ.

ಗೋಡೆಯ ಕಥೆಯೂ ಹೀಗೇ. ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಸುಣ್ಣದಕಲ್ಲಾಗುತ್ತದೆ. ಆದರೂ ಸಿಮೆಂಟಿನಷ್ಟು ಗಟ್ಟಿಯಾಗುವುದಿಲ್ಲ. ಹಾಗಾಗಿ ಉಳಿಯಿಂದ ಬಿಡಿಸಿದರೆ ಗಾರೆ ಉದುರುತ್ತದೆ, ಕಲ್ಲು ಉಳಿಯುತ್ತದೆ. ಸಿಮೆಂಟ್ ಹಾಕಿದ್ದರೆ ಕೆಂಪುಕಲ್ಲೇ ಮೊದಲು ಒಡೆಯುವುದು ಜಾಸ್ತಿ.

ಮಣ್ಣಿನ ಮನೆಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಗೋಡೆ ಬಿಚ್ಚಿದರೆ ಸಿಗುವುದು ಮಣ್ಣು. ಚೆನ್ನೈ ಹತ್ತಿರದ ಮುತ್ತುಕಾಡಿನಲ್ಲಿ 1996ರಲ್ಲಿ ತೆರೆದ 'ದಕ್ಷಿಣಚಿತ್ರ' ವಸ್ತುಸಂಗ್ರಹಾಲಯದಲ್ಲಿ ದಕ್ಷಿಣದ ನಾನಾ ಸೀಮೆಯ ಮನೆಗಳಿವೆ, ಇಳಕಲ್ಲಿನ ನೇಕಾರರ ಮನೆಯೂ ಇದೆ. ಇಂಥಲ್ಲಿ ಮಣ್ಣಿನ ಮನೆಯನ್ನು ಆಯಾ ಊರಿನ ಕೆಲಸಗಾರರೇ ಬಂದು ಕಟ್ಟಬೇಕು. ಉಳಿಯುವುದು ಹಳೇ ಗೋಡೆಗಿಂತ ಹೆಚ್ಚಾಗಿ, ಗೋಡೆ ಎಬ್ಬಿಸುವ ಕೈಚಳಕ.

ನೇಕಾರರ ಮನೆಯಲ್ಲಿ ನನಗೆ ತುಂಬಾ ಇಷ್ಟವಾಗುವುದು ಕುಣಿಮಗ್ಗ. ನೇಕಾರ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾನೆ, ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು, ನೆಲಕ್ಕೆ ಹತ್ತಿರ ಇರುತ್ತದೆ. ನೆಲದ ತಂಪು ಹತ್ತಿ ನೂಲಿಗೆ ಒಳ್ಳೆಯದು. ಹತ್ತಿ ತೇವದಲ್ಲಿ ಗಟ್ಟಿ, ಪೂರ್ತಿ ಒಣಗಿದರೆ ಪಟಪಟ ಕಡಿಯುತ್ತದೆ. ಇಳಕಲ್ ಸೀರೆಯಲ್ಲೂ ಒಂದು ಕೂಡಿಕೆ ಇದೆ ನೋಡಿ: ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ.

ಇಂಥ ಜಾಗಗಳ ಬಗ್ಗೆ ನನಗೊಂದು ತಕರಾರೂ ಇದೆ. ಮನೆ ಬಂತು, ಹವಾಮಾನ ಬರಲಿಲ್ಲ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ದಾಟಿ ಮಧ್ಯಾಹ್ನದ ಬಿಸಿ ಒಳಗೆ ಬರಲು ಸುಮಾರು 10–12 ಗಂಟೆ ಬೇಕು. ಅಷ್ಟರಲ್ಲಿ ರಾತ್ರಿ. ಇಳಕಲ್ಲಿನಂಥ ಒಣ ಊರಲ್ಲಿ ರಾತ್ರಿ ತಂಪಾಗುವುದರಿಂದ ಗೋಡೆಯ ಬಿಸಿ ಹೊರಗೂ ಹೋಗುತ್ತದೆ. ಸಮುದ್ರದ ಪಕ್ಕದ ಮುತ್ತುಕಾಡಿನಲ್ಲಿ ಹಗಲಿಗೂ ರಾತ್ರಿಗೂ ಅಷ್ಟು ಅಂತರವೇ ಇಲ್ಲ. ಅಲ್ಲಿ ಸೆಖೆ ಅನ್ನಿಸಿದರೆ ತಪ್ಪು ಗೋಡೆಯದಲ್ಲ, ಅಲ್ವಾ?

ಇನ್ನೊಂದು ಬಾರದೇ ಇರುವುದು ಒಲೆ. ದಿನಾ ಅಡುಗೆಯ ಹೊಗೆ ಏರಿ ಜಂತಿಗಳನ್ನು ಒಣಗಿಸುತ್ತಿತ್ತು, ಹುಳುವನ್ನೂ ದೂರ ಇಡುತ್ತಿತ್ತು. ಪ್ರದರ್ಶನಕ್ಕಿಟ್ಟ ಮನೆಯಲ್ಲಿ ಯಾರೂ ಅಡುಗೆ ಮಾಡುವುದಿಲ್ಲ. ಹಾಗಾಗಿ ಆ ಕೆಲಸವನ್ನು ಎಣ್ಣೆಯೋ ಔಷಧಿಯೋ ಮಾಡಬೇಕು. ಕರಾವಳಿಯಲ್ಲಿ ಗೆದ್ದಲು ತಡೆಯಲು ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಮೊದಲಿನಿಂದಲೂ ಇದೆ. ಬಳಿಯುವವರು ಕೈಗೆ ತಾಗದಂತೆ ನೋಡಿಕೊಳ್ಳಬೇಕು, ಚರ್ಮ ಬೊಬ್ಬೆ ಏಳುತ್ತದೆ.