ಆ ಮುಸುಕಿನೊಳಗೆ ಹ್ಯಾರಿ ಇಲ್ಲ

ಪ್ರಶ್ನೆ: ಡ್ರೆಸ್ಡನ್ ಫೈಲ್ಸ್ ಸರಣಿಯ ಕೌಲ್, ಮುಂದಿನ ಕಾಲದಿಂದ ಹಿಂದಕ್ಕೆ ಬಂದ ಹ್ಯಾರಿಯೇ ಅಲ್ವಾ?

ಅಲ್ಲ ಅಂತ ನನ್ನ ಉತ್ತರ. ಜಿಮ್ ಬುಚರ್ ಬರೆಯುವ ಈ ಕಾದಂಬರಿ ಸರಣಿಯ ನಾಯಕ ಶಿಕಾಗೋದ ಮಾಂತ್ರಿಕ ಹ್ಯಾರಿ, ಕೌಲ್ ಅವನ ಮುಸುಕುಧಾರಿ ಶತ್ರು. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ. ಒಂದು ಸಲವಂತೂ ಮದುವೆ ಊಟದ ಪಂಕ್ತಿಯಲ್ಲಿ, ಸಾರು ಬಡಿಸುತ್ತಿದ್ದಾಗ ಕೇಳಿದ್ದರು. ಅರ್ಧ ಹೇಳಿ ಬಿಟ್ಟರೆ ಮತ್ತೆ ಅದೇ ಬರುತ್ತೆ. ಅದಕ್ಕೇ ಇವತ್ತು ಪೂರ್ತಿ ಬರೆಯುತ್ತಿದ್ದೇನೆ. ಸರಣಿ ಓದದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಮುಂದೆ ಗುಟ್ಟುಗಳೆಲ್ಲ ಬಯಲಾಗುತ್ತವೆ.

ಜಿಮ್ ಬುಚರ್ 2020ರ ಬ್ಯಾಟಲ್ ಗ್ರೌಂಡ್ ಮುಗಿಸುವ ಹೊತ್ತಿಗೂ ಕೌಲ್‌ನ ಮುಸುಕು ತೆಗೆದಿರಲಿಲ್ಲ. ಮುಖ ಕಾಣದ ಕಡೆ ಊಹೆ ಹುಟ್ಟುವುದು ಸಹಜ. 'ಅವನೇ ಹ್ಯಾರಿ' ಎನ್ನುವವರು ಕೊಡುವ ಕಾರಣಗಳು ಮೂರು. ಕೌಲ್‌ನ ಬಲ ಹ್ಯಾರಿಯ ಬಲದ ಜಾತಿಯದೇ. ಅವನ ಪಕ್ಕದಲ್ಲಿ ಕುಮೋರಿ ಎಂಬವಳು ಶಿಷ್ಯೆಯ ಹಾಗೆ ನಿಂತಿರುತ್ತಾಳೆ, ಅವಳು ಹ್ಯಾರಿಯ ಶಿಷ್ಯೆ ಮಾಲಿ ಇರಬೇಕು. ಮಾಂತ್ರಿಕರ ಏಳು ಕಾನೂನುಗಳಲ್ಲಿ ಆರನೆಯದು ಕಾಲದಲ್ಲಿ ಹಿಂದಕ್ಕೆ ಈಜಬೇಡ ಅನ್ನುತ್ತೆ, ಅಂದಮೇಲೆ ಯಾರೋ ಒಬ್ಬರು ಅದನ್ನು ಮುರಿಯಲೇಬೇಕು.

ಯಾರೋ ಮುರಿಯಬಹುದು, ನಾನೂ ಒಪ್ಪುತ್ತೇನೆ. ಆದರೆ ಕೌಲ್ ಯಾಕೆ?

2005ರ ಡೆಡ್ ಬೀಟ್ ಕೈಗೆತ್ತಿಕೊಳ್ಳಿ. ಹ್ಯಾಲೋವೀನ್ ರಾತ್ರಿ. ಸತ್ತವರ ಆತ್ಮಗಳನ್ನೆಲ್ಲ ನುಂಗಿ ದೇವರಂತಾಗುವ ಡಾರ್ಕ್‌ಹ್ಯಾಲೋ ಎಂಬ ಮಂತ್ರವನ್ನು ಕೌಲ್ ಹೆಚ್ಚುಕಮ್ಮಿ ಮುಗಿಸಿಯೇ ಬಿಟ್ಟಿದ್ದಾನೆ. ಅಲ್ಲಿಗೆ ಹ್ಯಾರಿ ಹೇಗೆ ಬರುತ್ತಾನೆ? ಮ್ಯೂಸಿಯಂನಲ್ಲಿದ್ದ ಡೈನೋಸಾರ್ ಅಸ್ಥಿಪಂಜರಕ್ಕೆ ಜೀವ ತುಂಬಿ, ಅದರ ಬೆನ್ನೇರಿ ಬರುತ್ತಾನೆ. ಹಿಂದೆ ಕೂತ ಅವನ ಗೆಳೆಯ ಬಟರ್ಸ್ ಡೋಲು ಬಡಿಯುತ್ತಿದ್ದಾನೆ. ಆ ತಾಳ ನಿಂತರೆ ಪ್ರಾಣಿ ಹಿಡಿತ ತಪ್ಪುತ್ತೆ. ಕೊನೇ ಗಳಿಗೆಯಲ್ಲಿ ಹ್ಯಾರಿ ಕೌಲ್‌ನ ಆಟ ಕೆಡಿಸುತ್ತಾನೆ.

ಈಗ ನೀವೇ ಯೋಚಿಸಿ. ಕೌಲ್ ವಯಸ್ಸಾದ ಹ್ಯಾರಿಯೇ ಆಗಿದ್ದರೆ ಈ ರಾತ್ರಿಯನ್ನು ಅವನು ಆಗಲೇ ಒಮ್ಮೆ ಬದುಕಿದ್ದಾನೆ. ಡೈನೋಸಾರ್ ಬೆನ್ನ ಮೇಲೆ ಕೂತ ರಾತ್ರಿಯನ್ನು ಯಾರಾದರೂ ಮರೆಯುತ್ತಾರಾ? ತಾನು ಯಾವ ದಿಕ್ಕಿನಿಂದ ಬಂದೆ, ಯಾವ ಗಳಿಗೆಯಲ್ಲಿ ಕೈ ಹಾಕಿದೆ, ಎಲ್ಲ ಗೊತ್ತು. ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಸಾಕಿತ್ತು, ಗೆಲುವು ಅವನದೇ. ಅವನು ಸರಿಯಲಿಲ್ಲ. ಅದೇ ಪುಸ್ತಕದಲ್ಲಿ ಹ್ಯಾರಿ ಬೀದಿಯಲ್ಲಿದ್ದ ಕಾರನ್ನೇ ಅವನ ಮೇಲೆ ಕೆಡವಿದಾಗಲೂ ಅಷ್ಟೇ. ಬರುತ್ತೆ ಅಂತ ಗೊತ್ತಿದ್ದವನು ಕಾರಿನ ಕೆಳಗೆ ನಿಂತಿರುತ್ತಾನಾ?

ಇಲ್ಲಿಗೆ ಬಂದಾಗ ಎರಡು ಉತ್ತರ ತಪ್ಪದೇ ಬರುತ್ತವೆ. ಒಂದು, 'ಅವನ ನೆನಪು ಅಳಿಸಿರಬಹುದಲ್ಲ, ಘೋಸ್ಟ್ ಸ್ಟೋರಿಯಲ್ಲಿ ಹಾಗೇ ಆಯಿತಲ್ಲ.' ಹೌದು, 2011ರ ಆ ಪುಸ್ತಕದಲ್ಲಿ ಹ್ಯಾರಿ ತನ್ನನ್ನೇ ಕೊಲ್ಲಲು ಬಾಡಿಗೆ ಹಂತಕ ಕಿನ್‌ಕೇಡ್‌ಗೆ ಹೇಳಿ, ಆ ನೆನಪನ್ನು ಮಾಲಿಯ ಕೈಯಲ್ಲಿ ತೆಗೆಸಿಕೊಂಡಿದ್ದ ಅಂತ ತಿಳಿಯುತ್ತೆ. ಹಾಗಾಗಿಯೇ ಆ ಮಾತುಕತೆ ಹಿಂದಿನ ಪುಸ್ತಕ ಚೇಂಜಸ್‌ನಲ್ಲಿ ಇರಲೇ ಇಲ್ಲ. ಕಥೆ ಹೇಳುವ ಹ್ಯಾರಿಗೇ ನೆನಪಿಲ್ಲದ್ದು ಪುಟದ ಮೇಲೂ ಬರಲಿಲ್ಲ. ಆದರೆ ಡೈನೋಸಾರ್ ರಾತ್ರಿಯನ್ನು ನಮಗೆ ಹೇಳಿದವರು ಯಾರು? ಹ್ಯಾರಿಯೇ. ಮಳೆ, ಕೆಸರು, ಡೋಲಿನ ಸದ್ದು, ಒಂದನ್ನೂ ಬಿಡದೆ ಹೇಳಿದ್ದಾನೆ. ಆ ಪುಸ್ತಕ ಅವನ ನೆನಪೇ ತಾನೆ!

ಎರಡನೆಯದು, 'ಬೇಕೆಂದೇ ಸೋತ.' ಇದು ನನಗೆ ನಿಜಕ್ಕೂ ಬೇಸರ ತರಿಸುವ ಉತ್ತರ. ಗೆದ್ದರೆ ಅವನು ಹ್ಯಾರಿ, ಸೋತರೂ ಹ್ಯಾರಿ. ಕೊಲ್ಲಲು ಬಂದರೂ ಹ್ಯಾರಿ, ಬಿಟ್ಟು ಹೋದರೂ ಹ್ಯಾರಿ. ಪುಸ್ತಕದ ಯಾವ ಸಾಲೂ ಈ ಊಹೆಯನ್ನು ತಪ್ಪು ಮಾಡಲಾರದು ಅಂದಮೇಲೆ ಪುಸ್ತಕ ಓದಿದ್ದಾದರೂ ಯಾಕೆ?

ಕುಮೋರಿ ಮಾಲಿಯೇ ಅನ್ನುವವರು ಅದೇ ಪುಸ್ತಕದಲ್ಲಿ ಅವಳು ಆಡುವ ಮಾತನ್ನು ಇನ್ನೊಮ್ಮೆ ಓದಲಿ. ಗುಂಡೇಟು ತಿಂದ ಅಪರಿಚಿತನ ಜೀವ ಹೋಗದಂತೆ ಹಿಡಿದಿಟ್ಟವಳು ಅವಳು. ಸಾವನ್ನೇ ಇಲ್ಲವಾಗಿಸಬೇಕು ಅನ್ನುವುದು ಅವಳ ಆಸೆ. ಅವಳಿಗೆ ಅವಳದೇ ದಾರಿ, ಅವಳದೇ ನಂಬಿಕೆ ಇದೆ. ಅದನ್ನೆಲ್ಲ ಒರೆಸಿ ಇನ್ನೊಬ್ಬಳ ಹೆಸರು ಅಂಟಿಸುವುದು ನನಗೆ ಅನ್ಯಾಯ ಅನ್ನಿಸುತ್ತೆ.

ಮುಸುಕು ಕಂಡ ಕೂಡಲೇ ಒಳಗೆ ದೊಡ್ಡ ಮುಖವೇ ಇರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಬುಚರ್ ಆಡುವ ರೀತಿ ಬೇರೆ. ಮಾಂತ್ರಿಕರನ್ನು ಆಳುವ ವೈಟ್ ಕೌನ್ಸಿಲ್‌ನೊಳಗೆ ದ್ರೋಹಿಯೊಬ್ಬನಿದ್ದಾನೆ ಅಂತ ಗೊತ್ತಾದಾಗ ಓದುಗರು ಅದರ ಮುಖ್ಯಸ್ಥ ಮರ್ಲಿನ್‌ನನ್ನು ಅನುಮಾನಿಸಿದರು, ಅದರ ಕಾವಲುಗಾರ ಮಾರ್ಗನ್‌ನನ್ನು ಅನುಮಾನಿಸಿದರು. 2009ರ ಟರ್ನ್ ಕೋಟ್‌ನಲ್ಲಿ ಸಿಕ್ಕಿಬಿದ್ದವನು ಪೀಬಾಡಿ. ಕೌನ್ಸಿಲ್‌ನ ಗುಮಾಸ್ತ! ಕೈಯಲ್ಲಿ ಕಾಗದದ ಕಟ್ಟು ಹಿಡಿದು, 'ಇಲ್ಲೊಂದು ಸಹಿ' ಅಂತ ಹಿಂದೆ ಬೀಳುತ್ತಿದ್ದವನು. ಅವನ ಶಾಯಿಯಲ್ಲೇ ಮದ್ದಿತ್ತು. ಸಹಿ ಹಾಕಿದವರ ಮನಸ್ಸು ನಿಧಾನವಾಗಿ ಅವನ ಕಡೆ ವಾಲುತ್ತಿತ್ತು. ಆ ಶಾಯಿ ನಮ್ಮ ಕಣ್ಣೆದುರೇ ಇತ್ತು. ಗುಮಾಸ್ತನನ್ನು ಯಾರು ನೋಡುತ್ತಾರೆ ಅಂತ ನಾವೂ ನೋಡಲಿಲ್ಲ, ಮಾಂತ್ರಿಕರೂ ನೋಡಲಿಲ್ಲ.

'ಬ್ಲ್ಯಾಕ್ ಕೌನ್ಸಿಲ್' ಅನ್ನುವ ಹೆಸರಿನದೂ ಇದೇ ಪಾಡು. ಅದು ಹ್ಯಾರಿ ಇಟ್ಟ ಹೆಸರು. ಕಾಣದ ಶತ್ರುಗಳನ್ನು ಕರೆಯಲು ಒಂದು ಪದ ಬೇಕಿತ್ತು, ಇಟ್ಟ. ನಾವು ಅದಕ್ಕೆ ಅಧ್ಯಕ್ಷರು, ಸದಸ್ಯರು, ಸಭೆಗಳನ್ನೆಲ್ಲ ಸೃಷ್ಟಿ ಮಾಡಿ ಕೂತೆವು. ಹ್ಯಾರಿಯ ಊಹೆ ಹ್ಯಾರಿಯದು, ಬುಚರ್ ಕೊಟ್ಟ ಮಾತಲ್ಲ.

ನಿಜವಾದ ಒಳಸಂಚು ಹುಡುಕಬೇಕಿದ್ದರೆ ವಸ್ತುಗಳ ಹಿಂದೆ ಹೋಗಿ. 2001ರ ಗ್ರೇವ್ ಪೆರಿಲ್‌ನಲ್ಲಿ ರಕ್ತಪಿಶಾಚಿ ಬಿಯಾಂಕಾ ಉಡುಗೊರೆ ಹಂಚುತ್ತಾಳೆ. ಹ್ಯಾರಿಗೆ ಅವನ ಹೆಸರು ಕೊರೆದ ಗೋರಿಗಲ್ಲು, ಲೀ ಎಂಬ ಯಕ್ಷಿಣಿಗೆ ಒಂದು ಚೂರಿ. ನಾವೆಲ್ಲ ಗೋರಿಗಲ್ಲು ನೋಡಿ ಬೆಚ್ಚಿದೆವು, ಚೂರಿ ಮರೆತೆವು. 2006ರ ಪ್ರೂವನ್ ಗಿಲ್ಟಿಯಲ್ಲಿ ಲೀ ಮಂಜುಗಡ್ಡೆಯೊಳಗೆ ಸೆರೆ. ಒಬ್ಬರಿಂದ ಒಬ್ಬರಿಗೆ ಅಂಟುವ ನೆಮೆಸಿಸ್ ಎಂಬ ಪೀಡೆಯ ಹೆಸರು ಕೇಳಿದ್ದು 2012ರ ಕೋಲ್ಡ್ ಡೇಸ್‌ನಲ್ಲಿ. ಲೀಗೆ ಅದು ಅಂಟಿದ್ದು ಆ ಚೂರಿಯಿಂದಲೇ. ಅದಾದ ಮೇಲೆ ನಾನು ಗ್ರೇವ್ ಪೆರಿಲ್ ತೆರೆದು ಆ ಉಡುಗೊರೆಯ ಪುಟವನ್ನೇ ಮೂರು ಸಲ ಓದಿದೆ. ಹನ್ನೊಂದು ವರ್ಷದ ಎಳೆ!

ಹಾಗಾದರೆ ಕೌಲ್ ಯಾರು? ನನ್ನ ಅನುಮಾನ ವೈಟ್ ಕೌನ್ಸಿಲ್‌ನ ಹಿರಿಯ ಮಾಂತ್ರಿಕ ಸೈಮನ್ ಪಿಯೆಟ್ರೋವಿಚ್ ಮೇಲೆ. ಆರ್ಕೇಂಜಲ್ ಎಂಬ ಕಡೆ ಸತ್ತ ಅಂತ ಸುದ್ದಿಯಷ್ಟೇ ಬಂತು, ಸಾವು ಪುಟದ ಮೇಲೆ ನಡೆಯಲಿಲ್ಲ. ನಾಳೆ ಒಂದು ಸಾಲು ಇದಕ್ಕೆ ವಿರುದ್ಧ ಬಂದರೆ ಈ ಊಹೆಯನ್ನೂ ಬಿಟ್ಟುಬಿಡುತ್ತೇನೆ.

ಡೈನೋಸಾರ್ ಮಾತು ಬಂತಲ್ಲ, ಯಾರೂ ಕೇಳದ ಒಂದು ವಿಷಯವನ್ನೂ ಹೇಳುತ್ತೇನೆ. ಆ ಅಸ್ಥಿಪಂಜರ ನಿಜವಾಗಿಯೂ ಇದೆ. ಹೆಸರು ಸೂ. 1990ರಲ್ಲಿ ಸೌತ್ ಡಕೋಟಾದಲ್ಲಿ ಸಿಕ್ಕಿತು. 1997ರ ಹರಾಜಿನಲ್ಲಿ 83 ಲಕ್ಷ ಡಾಲರ್‌ಗೂ ಜಾಸ್ತಿ ಬೆಲೆಗೆ ಹೋಯಿತು. 2000ದಿಂದ ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ನಿಂತಿದೆ. ವಯಸ್ಸು ಸುಮಾರು 6 ಕೋಟಿ 70 ಲಕ್ಷ ವರ್ಷ. ಹ್ಯಾರಿ ಅದನ್ನೇ ಆರಿಸಿದ್ದಕ್ಕೂ ಕಾರಣವಿದೆ. ಹೆಣ ಹಳೆಯದಾದಷ್ಟೂ ಎಬ್ಬಿಸಿದಾಗ ಬಲ ಜಾಸ್ತಿ. ಸತ್ತ ಮನುಷ್ಯರನ್ನು ಎಬ್ಬಿಸಬಾರದು ಅನ್ನುವ ಕಾನೂನು ಪ್ರಾಣಿಗಳಿಗೆ ಅನ್ವಯಿಸುವುದಿಲ್ಲ.

ಇನ್ನೊಂದು ವಿಷಯ. ಸೂವಿನ ನಿಜವಾದ ತಲೆಬುರುಡೆ ಸುಮಾರು 270 ಕಿಲೋ ತೂಗುತ್ತೆ. ಆ ಭಾರವನ್ನು ನಿಲ್ಲಿಸಿದ ಮೈಮೇಲೆ ಇಡಲಾಗದೆ ಅದನ್ನು ಬೇರೆಯಾಗಿ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಮೈಗೆ ಜೋಡಿಸಿರುವುದು ಅಚ್ಚು ತೆಗೆದು ಮಾಡಿದ ತಲೆ. ಹಾಗಾದರೆ ಹ್ಯಾಲೋವೀನ್ ರಾತ್ರಿ ಶಿಕಾಗೋ ಬೀದಿಯಲ್ಲಿ ಓಡಿದ ಆ ಪ್ರಾಣಿಯ ಮೈಮೇಲೆ ಇದ್ದದ್ದು ಯಾವ ತಲೆ? ಮುಂದಿನ ಸಲ ಕೌಲ್ ಬಿಟ್ಟು ಇದನ್ನು ಕೇಳಿ. ಎಷ್ಟು ಹೊತ್ತು ಬೇಕಾದರೂ ಕೂತು ಮಾತಾಡುತ್ತೇನೆ.