ಕನ್ನಡಿಯಲ್ಲಿ ಕಾಣದ ನಾಲ್ಕು ಕೆಜಿ

80 ಕೆಜಿ ತೂಗುವವರು ನಾಲ್ಕು ಕೆಜಿ ಇಳಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮದುವೆ ಮನೆಯಲ್ಲಿ ಸಿಕ್ಕ ನೆಂಟರು "ಹಾಗೇ ಇದ್ದೀರಲ್ಲ!" ಅಂದುಬಿಡುತ್ತಾರೆ. ತಿಂಗಳುಗಟ್ಟಲೆ ರಾತ್ರಿ ಅನ್ನ ಕಮ್ಮಿ ಮಾಡಿದ್ದು ಸುಮ್ನೆ ದಂಡವಾಯಿತು ಅನ್ನಿಸುತ್ತದೆ, ಅಲ್ವಾ? ಆದರೆ ಕನ್ನಡಿಯಲ್ಲಿ ಕಾಣದ ಈ ನಾಲ್ಕು ಕೆಜಿ ರಕ್ತ ಪರೀಕ್ಷೆಯಲ್ಲಿ ಕಾಣುತ್ತದೆ.

ಕೊಬ್ಬಿನಲ್ಲೂ ಸಾಧು, ತಂಟೆಕೋರ ಅಂತ ಎರಡು ಬಗೆ. ತೊಡೆಯ ಚರ್ಮದ ಕೆಳಗೆ ಇರುವುದು ಅಷ್ಟಾಗಿ ಕಾಟ ಕೊಡುವುದಿಲ್ಲ. ಹೊಟ್ಟೆಯ ಒಳಗೆ ಕರುಳಿನ ಸುತ್ತ ಕೂತದ್ದು, ಲಿವರ್‌ನಲ್ಲಿ ಸೇರಿಕೊಂಡದ್ದು ತಂಟೆಕೋರರ ಗುಂಪಿನದು. ಲಿವರ್‌ನಲ್ಲಿ ಕೊಬ್ಬು ತುಂಬಿದರೆ ಅದು ಇನ್ಸುಲಿನ್ ಮಾತು ಕೇಳುವುದನ್ನು ಕಮ್ಮಿ ಮಾಡುತ್ತದೆ, ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಜಾಸ್ತಿ ಜಾಸ್ತಿ ರಕ್ತಕ್ಕೆ ಬಿಡುತ್ತದೆ. ನಮ್ಮ ಅದೃಷ್ಟಕ್ಕೆ, ತೂಕ ಇಳಿಯತೊಡಗಿದರೆ ಬೇಗ ಜಾಗ ಖಾಲಿ ಮಾಡುವುದೂ ಲಿವರ್‌ನ ಕೊಬ್ಬೇ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೊಜ್ಜಿದ್ದವರು ಬರೀ ಶೇ. 5ರಷ್ಟು ತೂಕ (80 ಕೆಜಿಯವರಿಗೆ ಅದೇ ನಾಲ್ಕು ಕೆಜಿ) ಇಳಿಸಿದಾಗಲೇ ಲಿವರ್, ಸ್ನಾಯು, ಕೊಬ್ಬು ಮೂರೂ ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸತೊಡಗಿದವು. ಬಿಪಿಯೂ ಹಾಗೇ. ಒಂದು ಕೆಜಿ ಇಳಿದರೆ ಬಿಪಿ ಸರಾಸರಿ ಒಂದು ಪಾಯಿಂಟ್ ಇಳಿಯುತ್ತದೆ.

ಸರಿ, ರಿಪೋರ್ಟ್ ಚೆನ್ನಾಯಿತು. ಹಾರ್ಟ್ ಅಟ್ಯಾಕ್ ತಪ್ಪುತ್ತದಾ? ಇಲ್ಲಿ ಕಥೆ ಸ್ವಲ್ಪ ತೊಡಕಾಗುತ್ತದೆ.

ಇದನ್ನೇ ತಿಳಿಯಲು ಅಮೆರಿಕದಲ್ಲಿ 2001ರಲ್ಲಿ 'ಲುಕ್ ಅಹೆಡ್' ಎಂಬ ದೊಡ್ಡ ಪ್ರಯೋಗ ಶುರುವಾಯಿತು. ಸಕ್ಕರೆ ಕಾಯಿಲೆಯ ಜೊತೆ ತೂಕವೂ ಜಾಸ್ತಿಯಿದ್ದ 5,145 ಜನ ಅದರಲ್ಲಿದ್ದರು. ಅರ್ಧ ಜನರಿಗೆ ಊಟ, ನಡಿಗೆ ಎರಡರಲ್ಲೂ ಬಿಡದೆ ಹಿಂದೆ ಬಿದ್ದು ಮಾರ್ಗದರ್ಶನ. ಉಳಿದವರಿಗೆ ಮಾಮೂಲಿ ಸಲಹೆ. ಒಂದು ವರ್ಷಕ್ಕೆ ಮೊದಲ ಗುಂಪಿನ ತೂಕ ಸರಾಸರಿ ಶೇ. 8.6 ಇಳಿಯಿತು, ಇನ್ನೊಂದರದು ಶೇ. 0.7. ಶೇ. 5ರಿಂದ 10 ಇಳಿಸಿದವರಲ್ಲಿ ಸಕ್ಕರೆ, ಬಿಪಿ, ಟ್ರೈಗ್ಲಿಸರೈಡ್, ಒಳ್ಳೆಯ ಕೊಲೆಸ್ಟ್ರಾಲ್ ಎಲ್ಲವೂ ಸುಧಾರಿಸುವ ಸಂಭವ ಎದ್ದು ಕಾಣುವಷ್ಟು ಹೆಚ್ಚಿತ್ತು.

ಆದರೂ 2012ರಲ್ಲಿ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾಯಿಲೆಯಿಂದ ಸಾವು ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ತೂಕ ಇಳಿಸಿ ಅಂತ ಹೇಳುವವರು ಈ ಭಾಗವನ್ನು ಹೆಚ್ಚಾಗಿ ನುಂಗಿಬಿಡುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಯಾಕೆ ಹೀಗಾಯಿತು ಎಂಬುದೇ ಸ್ವಾರಸ್ಯ. ಇಳಿದ ತೂಕದಲ್ಲಿ ಒಂದಷ್ಟು ವಾಪಸ್ ಬಂತು. ಕೊನೆಯ ಹೊತ್ತಿಗೆ ಮೊದಲ ಗುಂಪು ಶೇ. 6ಕ್ಕೆ ನಿಂತಿತ್ತು, ಇನ್ನೊಂದು ಗುಂಪೂ ಶೇ. 3.5 ಇಳಿಸಿತ್ತು. ಎರಡೂ ಕಡೆಯವರಿಗೆ ಒಳ್ಳೆಯ ಔಷಧಿಗಳು ಸಿಗುತ್ತಿದ್ದವು, ಮಾಮೂಲಿ ಸಲಹೆಯವರು ಕೊಲೆಸ್ಟ್ರಾಲ್ ಮಾತ್ರೆಯನ್ನು ಇನ್ನೂ ಜಾಸ್ತಿ ತಗೊಳ್ಳುತ್ತಿದ್ದರು. ಆಮೇಲೆ ಅಂಕಿಗಳನ್ನು ಮತ್ತೆ ಕೆದಕಿದಾಗ, ಮೊದಲ ವರ್ಷದಲ್ಲೇ ಶೇ. 10ಕ್ಕೂ ಹೆಚ್ಚು ಇಳಿಸಿದವರಲ್ಲಿ ಹೃದಯದ ತೊಂದರೆ ಶೇ. 21ರಷ್ಟು ಕಮ್ಮಿ ಕಂಡಿತು. ಇದು ಆಟ ಮುಗಿದ ಮೇಲೆ ಹಾಕಿದ ಲೆಕ್ಕ, ಅಷ್ಟೇ ಎಚ್ಚರದಿಂದ ಓದಬೇಕು. ಆದರೆ ಮೊದಲ ಗುಂಪಿನಲ್ಲಿ ನಿದ್ದೆಯಲ್ಲಿ ಉಸಿರುಗಟ್ಟುವುದು ಕಮ್ಮಿಯಾದದ್ದು, ಮಾತ್ರೆಗಳ ಸಂಖ್ಯೆ ಇಳಿದದ್ದು ಗಟ್ಟಿ ಲಾಭ. ಎಂಟು ವರ್ಷದ ನಂತರವೂ ಆ ಗುಂಪಿನ ಅರ್ಧದಷ್ಟು ಜನ ಶೇ. 5 ಇಳಿಕೆಯನ್ನು ಉಳಿಸಿಕೊಂಡಿದ್ದರು. ನನಗಂತೂ ಅದೇ ದೊಡ್ಡ ಸುದ್ದಿ.

ನಮ್ಮವರ ವಿಷಯಕ್ಕೆ ಬಂದರೆ ಒಂದು ಫೋಟೋ ಇದೆ. ಪುಣೆಯ ಡಾಕ್ಟರ್ ಯಾಜ್ಞಿಕ್, ಲಂಡನ್ನಿನ ಡಾಕ್ಟರ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಒಂದೇ: 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2! ಸಣ್ಣಗೆ ಕಂಡರೂ ಒಳಗೆ ಕೊಬ್ಬು ಕೂಡಿಡುವುದು ನಮ್ಮ ಮೈಯ ಗುಣ. ಹಾಗಾಗಿಯೇ ಭಾರತೀಯರಿಗೆ ಸೊಂಟದ ಮಿತಿ ಬೇರೆ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಟೈಲರ್ ಟೇಪ್ ಸಾಕು. ಉಸಿರು ಬಿಟ್ಟ ಮೇಲೆ ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಂಡು ಅಳೆದದ್ದು ಲೆಕ್ಕಕ್ಕಿಲ್ಲ.