ಪವರ್ಗವೇ ಇಲ್ಲದ ಭಾಷೆ

ಧ್ವನಿವಿಜ್ಞಾನದ ಮೊದಲ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ: ತುಟಿಗೆ ತುಟಿ ತಾಗಿಸದೆ ‘ಅಮ್ಮ’, ‘ಅಪ್ಪ’ ಎನ್ನಿ. ಯಾರಿಂದಲೂ ಆಗುವುದಿಲ್ಲ. ಕೆನಡಾದ ಮೂಲನಿವಾಸಿಗಳಾದ ಹ್ಯೂರನ್-ವೆಂಡಾಟ್ ಜನರ ಭಾಷೆಯಲ್ಲಿ ಪ, ಬ, ಮ ಯಾವುದೂ ಇಲ್ಲ. ಫ್ರೆಂಚ್ ಪಾದ್ರಿಗಳ ‘ಮರೀ’ (ಯೇಸುವಿನ ತಾಯಿ ಮೇರಿ) ಅವರ ಬಾಯಲ್ಲಿ ‘ವಾರಿ’ ಆದಳು. ಹಳಗನ್ನಡದ ‘ಪಾಲ್’ ನಮ್ಮಲ್ಲಿ ‘ಹಾಲು’ ಆದದ್ದು ಇದರ ಮುಂದೆ ಏನೂ ಅಲ್ಲ.

‘ಹ್ಯೂರನ್’ ಎಂಬುದು ಫ್ರೆಂಚರು ಇಟ್ಟ ಹೆಸರು, ಒರಟರು ಎಂಬ ತಾತ್ಸಾರ ಅದರಲ್ಲಿದೆ. ಅವರು ತಮ್ಮನ್ನು ಕರೆದುಕೊಂಡದ್ದು ವೆಂಡಾಟ್ ಎಂದು. ಜಾರ್ಜಿಯನ್ ಕೊಲ್ಲಿಯ ಬಳಿ ಮೆಕ್ಕೆಜೋಳ, ಬೀನ್ಸ್, ಕುಂಬಳ ಬೆಳೆಯುತ್ತ ಉದ್ದನೆಯ ಮನೆಗಳಲ್ಲಿ ಬಾಳಿದವರು. ಕುಲ ಹರಿದುಬರುವುದು ತಾಯಿಯಿಂದ. 1634ರಿಂದ ಆರೇ ವರ್ಷಗಳಲ್ಲಿ ಸಾಂಕ್ರಾಮಿಕ ರೋಗಗಳು ಸುಮಾರು ಅರ್ಧದಷ್ಟು ಜನರನ್ನು ಬಲಿ ತೆಗೆದುಕೊಂಡವು. 1649ರಲ್ಲಿ ಇರೊಕ್ವಾ ಜನರ ಹೊಡೆನೊಶೋನಿ ಒಕ್ಕೂಟದ ದಾಳಿಗೆ ಊರುಗಳು ಚದುರಿದವು. ಮರುವರ್ಷ ಸುಮಾರು 300 ಮಂದಿ ಕ್ವಿಬೆಕ್ ಸೇರಿದರು. ಅವರ ವಂಶಜರ ಊರೇ ಇಂದಿನ ವೆಂಡಾಕೆ. ಪಶ್ಚಿಮಕ್ಕೆ ಹೋದವರ ಮಕ್ಕಳುಮರಿಗಳು ಇಂದು ಒಕ್ಲಹೋಮದಲ್ಲಿಯೂ ಇದ್ದಾರೆ.

ವ್ಯಾಕರಣದ ಒಂದು ಸಂಗತಿ ನನಗೆ ಈ ಇತಿಹಾಸದಷ್ಟೇ ಮುಖ್ಯ. ಕನ್ನಡದಲ್ಲಿ ‘ತಂದೆ’ ಎಂದರೆ ಸಾಕು, ಯಾರ ತಂದೆ ಎಂದು ಹೇಳಬೇಕಾಗಿಲ್ಲ. ವೆಂಡಾಟ್‌ನಲ್ಲಿ ಹಾಗಾಗುವುದಿಲ್ಲ. ನನ್ನ ತಂದೆ, ನಿನ್ನ ತಂದೆ, ಅವನ ತಂದೆ, ಹೀಗೆ ಯಾರಿಗಾದರೂ ಸೇರಲೇಬೇಕು. ‘ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ’ ಎಂಬ ಪ್ರಾರ್ಥನೆಯೇ ಇದರಿಂದ ಸಿಕ್ಕಿಹಾಕಿಕೊಂಡಿತು. ‘ನಮ್ಮ ತಂದೆಯ, ಅವನ ಮಗನ, ಅವರ ಪವಿತ್ರಾತ್ಮನ’ ಎನ್ನಬಹುದೇ ಎಂದು ಪಾದ್ರಿ ಬ್ರೆಬೂಫ್ 1636ರ ವರದಿಯಲ್ಲಿ ತನ್ನ ಹಿರಿಯರನ್ನು ಕೇಳಿದ್ದಾನೆ. ಮತಾಂತರಿಸಲು ಬಂದವನಿಗೆ ವ್ಯಾಕರಣ ಹಾಕಿದ ತಡೆ ಇದು; ಓದಿದಾಗಲೆಲ್ಲ ನಗು ಬರುತ್ತದೆ.

ಆದರೆ ಆ ಪಾದ್ರಿಗಳ ಬರಹವಿಲ್ಲದೆ ಈ ಭಾಷೆಗೆ ಮತ್ತೆ ಜೀವ ಕೊಡುವ ಇಂದಿನ ಕೆಲಸ ನಡೆಯದು. ಕ್ವಿಬೆಕ್‌ನಲ್ಲಿ ಈ ಭಾಷೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮಾತಿನಿಂದ ಮರೆಯಾಯಿತು. ಧ್ವನಿಮುದ್ರಣ ಸಿಗುವಷ್ಟು ಹೊತ್ತು ಅದು ಅಲ್ಲಿ ಉಳಿಯಲಿಲ್ಲ. 2007ರಲ್ಲಿ ವೆಂಡಾಟ್ ಸಮುದಾಯ ಲಾವಾಲ್ ವಿಶ್ವವಿದ್ಯಾಲಯದ ಜೊತೆ ‘ಯಾವೆಂಡಾ’ ಎಂಬ ಯೋಜನೆ ಹಿಡಿದು ಪಾದ್ರಿಗಳ ನಿಘಂಟುಗಳನ್ನು ಬಿಡಿಸಿ ಓದತೊಡಗಿತು. ಯಾವೆಂಡಾ ಎಂದರೆ ದನಿ. ಆ ಹಸ್ತಪ್ರತಿಗಳಲ್ಲಿ ‘ವ’, ‘ಉ’ ದನಿಗಳಿಗೆ 8ರಂತೆ ಕಾಣುವ ಒಂದು ಅಕ್ಷರವಿದೆ. ಗೊತ್ತಿಲ್ಲದವರು ಅದನ್ನು ಅಂಕಿಯೆಂದೇ ಓದಿಕೊಳ್ಳುತ್ತಾರೆ, ಮೊದಲ ಸಲ ನಾನೂ ಓದಿದ್ದೆ. ಆಮೇಲೆ ತಿಳಿಯಿತು, ‘ವೆಂಡಾಟ್’ ಎಂಬ ಹೆಸರೇ ಶುರುವಾಗುವುದು ಆ ದನಿಯಿಂದ.